ಹಿಮದ ದಾರಿಗೆ ಟೈರಿನ ಅಳತೆ

ಧನುರ್ಮಾಸದ ಬೆಳಗ್ಗೆ ಕೊಬ್ಬರಿ ಎಣ್ಣೆಯ ಶೀಸೆಯನ್ನು ತಲೆಕೆಳಗು ಮಾಡಿದರೂ ಎಣ್ಣೆ ಇಳಿಯುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ನೀರಿನಂತೆ ಹರಿದ ಎಣ್ಣೆಯೇ ಅದು. ಎಣ್ಣೆ ಬದಲಾಗಿಲ್ಲ, ಚಳಿ ಅದರ ಗುಣವನ್ನು ಬದಲಿಸಿದೆ. ಮೋಟಾರು ಕಾರಿನ ಟೈರಿಗೂ ಇಂಥದೇ ಗತಿ ಒದಗುತ್ತದೆ ಎಂದರೆ ನಮ್ಮ ಊರಿನವರು ನಗಬಹುದು. ನಮ್ಮ ಚಳಿ ಟೈರನ್ನು ಕೆಡಿಸುವಷ್ಟು ದೊಡ್ಡ ಚಳಿಯಲ್ಲ. ಆದರೆ ನಮ್ಮವರು ಈಗ ದೊಡ್ಡ ಚಳಿಯ ನಾಡುಗಳಲ್ಲಿಯೂ ಮನೆ ಮಾಡಿದ್ದಾರೆ.

ನಿಮ್ಮಲ್ಲಿ ಕೆಲವರ ಮಗನೋ ಮಗಳೋ ಅಳಿಯನೋ ಜರ್ಮನಿಯ ಮ್ಯೂನಿಕ್ ಅಥವಾ ಸ್ಟುಟ್‌ಗಾರ್ಟ್ ನಗರದಲ್ಲಿ ಕೆಲಸದಲ್ಲಿರಬಹುದು. ಕೈಯಲ್ಲಿ ನಾಲ್ಕು ಕಾಸು ಉಳಿದ ಮೇಲೆ, ಇಬ್ಬರೇ ಕೂರುವ, ನೆಲಕ್ಕೆ ತಗ್ಗಿದ, ವೇಗದ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿರಲೂಬಹುದು. ಅಕ್ಟೋಬರ್ ಬಂದಾಗ ಫೋನಿನಲ್ಲಿ ಮಾತು ಬರುತ್ತದೆ: ‘ಅಪ್ಪಾ, ಚಳಿಗಾಲದ ಟೈರು ಕೊಳ್ಳಬೇಕು. ಈಗಿರುವಷ್ಟೇ ಅಗಲದ್ದನ್ನು ಹಾಕಿಸುತ್ತೇನೆ. ಚಿಕ್ಕದಾದರೆ ಗಾಡಿಯ ಅಂದ ಕೆಡುತ್ತದೆ.’ ಆಗ ‘ನಿನಗೆ ತೋಚಿದಂತೆ ಮಾಡಪ್ಪ’ ಎಂದು ಸುಮ್ಮನಾಗಬೇಡಿ. ಟೈರೊಂದು ನೆಲವನ್ನು ಮುಟ್ಟುವ ಜಾಗ ಹೆಚ್ಚು ಕಡಿಮೆ ಒಂದು ಅಂಗೈಯಷ್ಟು. ಅಂಥ ನಾಲ್ಕು ಅಂಗೈಗಳ ಮೇಲೆ ನಿಮ್ಮ ಮಗುವಿನ ಪ್ರಾಣ ನಿಂತಿದೆ.

ಮೊದಲು, ಬೇರೆ ಟೈರು ಏಕೆ ಬೇಕು? ಬೇಸಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಬಿಗಿಯಾಗುತ್ತ ಬಂದು ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲಿಯೂ ಮೆತ್ತಗೆ ಉಳಿಯುವಂಥದು. ಅದರ ಮೈಮೇಲೆ ಅಸಂಖ್ಯ ಸಣ್ಣ ಸೀಳುಗಳಿದ್ದು, ಅವುಗಳ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಫಿನ್ಲೆಂಡಿನ ನೋಕಿಯಾ ಎಂಬ ಪಟ್ಟಣದಲ್ಲಿ ಇಂಥ ಮೊದಲ ಟೈರು ತಯಾರಾದದ್ದು 1934ರಲ್ಲಿ, ಲಾರಿಗಳಿಗಾಗಿ. ಕಾರುಗಳಿಗೆ ಅದು ಬಂದದ್ದು 1936ರಲ್ಲಿ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ, ಕರಗಿದ ಹಿಮದ ರೊಚ್ಚು ಇರುವ ರಸ್ತೆಯಲ್ಲಿ ಇಂಥ ಟೈರಿಲ್ಲದೆ ಓಡಿಸಬಾರದೆಂದು 2010ರಲ್ಲಿ ಸ್ಪಷ್ಟ ನಿಯಮವಾಯಿತು. 2024ರ ಅಕ್ಟೋಬರಿನಿಂದ, ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತು ಇರುವ ಟೈರುಗಳಿಗೆ ಮಾತ್ರ ಅಲ್ಲಿ ಮಾನ್ಯತೆ.

ಇನ್ನು ಅಳತೆಯ ಮಾತು. ಟೈರಿನ ಪಕ್ಕದಲ್ಲಿ 225/40 R18 ಎಂದು ಬರೆದಿದೆಯೆನ್ನಿ. 225 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 40 ಎಂಬುದು ಪಕ್ಕದ ಗೋಡೆಯ ಎತ್ತರ. ಅಗಲದ ನೂರಕ್ಕೆ ನಲವತ್ತು ಪಾಲು, ಅಂದರೆ 90 ಮಿಲಿಮೀಟರು. 18 ಎಂಬುದು ಒಳಗಿನ ಲೋಹದ ಚಕ್ರದ ವ್ಯಾಸ, ಅಂಗುಲಗಳಲ್ಲಿ. ಅದು 457 ಮಿಲಿಮೀಟರು. ಮೇಲಿನ 90, ಕೆಳಗಿನ 90, ನಡುವಿನ 457 ಇವನ್ನು ಕೂಡಿಸಿದರೆ ಒಟ್ಟು ಎತ್ತರ 637.

ಈಗ ಮಗ ಒಂದು ಅಂಗುಲ ಚಿಕ್ಕ ಚಕ್ರಕ್ಕೆ ಇಳಿದು 205/50 R17 ಹಾಕಿದನೆನ್ನಿ. ಇನ್ನೂರೈದರ ಅರ್ಧ 102.5, ಎರಡು ಪಕ್ಕ ಸೇರಿ 205. ಚಕ್ರ 432. ಒಟ್ಟು ಅದೇ 637! ಅಗಲ 20 ಮಿಲಿಮೀಟರು ಕಡಿಮೆಯಾಯಿತು, ಪಕ್ಕದ ರಬ್ಬರು ಎತ್ತರವಾಯಿತು, ಒಟ್ಟು ಎತ್ತರ ಮಾತ್ರ ಹಾಗೆಯೇ ಉಳಿಯಿತು. ಈ ಲೆಕ್ಕವೇ ಮುಖ್ಯ. ಒಟ್ಟು ಎತ್ತರ ಬದಲಾದರೆ ವೇಗ ತೋರಿಸುವ ಮುಳ್ಳು ಸುಳ್ಳು ಹೇಳುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಹೊಂದಿಕೆ ತಪ್ಪಿದರೆ, ಚಕ್ರ ಜಾರದಂತೆ ಬ್ರೇಕನ್ನು ಕಾಯುವ ಯಂತ್ರವೂ ಮೋಸಹೋಗುತ್ತದೆ.

ಅಗಲ ಕಡಿಮೆಯಾದರೆ ಹಿಡಿತವೂ ಕಡಿಮೆಯಾಗದೆ ಎಂದು ನೀವು ಕೇಳಬಹುದು. ಒಣಗಿದ ರಸ್ತೆಯಲ್ಲಿ, ವೇಗದ ತಿರುವಿನಲ್ಲಿ, ಸ್ವಲ್ಪ ಕಡಿಮೆಯಾಗುತ್ತದೆ, ಒಪ್ಪಿಕೊಳ್ಳೋಣ. ಆದರೆ ಕೆಸರು ತುಂಬಿದ ಊರದಾರಿಯಲ್ಲಿ ಎತ್ತಿನ ಗಾಡಿಯ ಚಕ್ರವನ್ನು ನೆನಪಿಗೆ ತಂದುಕೊಳ್ಳಿ. ಆ ಕಿರಿದಾದ ಚಕ್ರ ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಊರೊಳಗಿನ ರಸ್ತೆಯ ಹಿಮವೂ ಬಹುಮಟ್ಟಿಗೆ ಹಾಗೆಯೇ: ಮೇಲೆ ತೆಳುವಾದ ಹಿಮ ಅಥವಾ ರೊಚ್ಚು, ಕೆಳಗೆ ಡಾಂಬರು. ಕಿರಿದಾದ ಟೈರು ಬದಿಗೆ ತಳ್ಳಬೇಕಾದ ರೊಚ್ಚು ಕಡಿಮೆ. ಅಗಲವಾದದ್ದು ಅದರ ಮೇಲೆ ದೋಣಿಯಂತೆ ತೇಲಲು ಹೊರಡುತ್ತದೆ. ತೇಲುವ ಟೈರು ಸ್ಟೀರಿಂಗಿನ ಮಾತನ್ನೂ ಕೇಳದು, ಬ್ರೇಕಿನ ಮಾತನ್ನೂ ಕೇಳದು. ಪಕ್ಕದ ರಬ್ಬರು ಎತ್ತರವಾಗಿದ್ದರೆ ಇನ್ನೊಂದು ಲಾಭ: ಹಿಮದಡಿ ಅಡಗಿರುವ ಹಳ್ಳಕ್ಕೆ ಬಿದ್ದಾಗ ಲೋಹದ ಚಕ್ರ ಬೇಗ ಸೊಟ್ಟಗಾಗುವುದಿಲ್ಲ.

ಹಾಗಾದರೆ ಎಷ್ಟು ಬೇಕಾದರೂ ಚಿಕ್ಕದಾಗಿಸಬಹುದೆ? ಇಲ್ಲ. ಸ್ಪೋರ್ಟ್ಸ್ ಕಾರಿನ ಬ್ರೇಕು ದೊಡ್ಡದು. ತೀರ ಚಿಕ್ಕ ಚಕ್ರ ಅದರ ಮೇಲೆ ಕೂರುವುದೇ ಇಲ್ಲ. ಟೈರು ಹೊರಬಲ್ಲ ಭಾರಕ್ಕೂ ಮಿತಿಯುಂಟು. ಅಳತೆಯ ಪಕ್ಕದಲ್ಲಿ 91 ಎಂಬ ಅಂಕಿಯಿದ್ದರೆ ಆ ಟೈರು 615 ಕಿಲೋ ಹೊರುತ್ತದೆ. 87 ಇದ್ದರೆ 545 ಕಿಲೋ ಮಾತ್ರ. ಕಾರಿಗೆ ಬೇಕಾದುದಕ್ಕಿಂತ ಕಡಿಮೆಯದನ್ನು ಹಾಕಲೇಬಾರದು. ಅಂಕಿಯ ನಂತರದ ಅಕ್ಷರ ವೇಗದ ಮಿತಿ: ಟಿ ಎಂದರೆ ಗಂಟೆಗೆ 190 ಕಿಲೋಮೀಟರು, ಎಚ್ ಎಂದರೆ 210. ಕಾರು ಅದಕ್ಕಿಂತ ವೇಗವಾಗಿ ಓಡಬಲ್ಲದಾದರೆ, ಆ ಮಿತಿಯನ್ನು ಚೀಟಿಯಲ್ಲಿ ಬರೆದು ಓಡಿಸುವವನ ಕಣ್ಣೆದುರು ಅಂಟಿಸಬೇಕೆಂಬುದು ಅಲ್ಲಿಯ ಕಟ್ಟಳೆ.

ಬಹಳ ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಚಳಿಗಾಲಕ್ಕೆ ನಾಲ್ಕನ್ನೂ ಒಂದೇ ಅಳತೆಯದಾಗಿ ಹಾಕಲು ಕೆಲವು ತಯಾರಕರು ಒಪ್ಪುತ್ತಾರೆ. ಒಪ್ಪಿದಲ್ಲಿ ಅದು ಒಳ್ಳೆಯದು, ಮುಂದಿನದನ್ನು ಹಿಂದಕ್ಕೆ ಬದಲಿಸಿ ಸಮನಾಗಿ ಸವೆಸಬಹುದು. ಆದರೆ ಪೋರ್ಷೆ 911ರಂತೆ ಎಂಜಿನ್ ಹಿಂಬದಿಯಲ್ಲಿರುವ ಕಾರಿಗೆ ಹಿಂದೆ ಅಗಲವಾದ ಟೈರೇ ಬೇಕು. ಆದುದರಿಂದ ಅಂಗಡಿಗೆ ಹೋಗುವ ಮೊದಲು ಕಾರಿನ ಅನುಮೋದನಾ ಪತ್ರವನ್ನು ತೆಗೆದು ನೋಡಬೇಕು. ತಯಾರಕರು ಒಪ್ಪಿದ ಅಳತೆಗಳೆಲ್ಲ ಅದರಲ್ಲಿರುತ್ತವೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಹಾಕಿದರೆ ಬೇರೆ ಪರೀಕ್ಷೆ, ಬೇರೆ ಅನುಮತಿ.

ಹಣ ಉಳಿಸಲು ಎರಡೇ ಚಳಿಗಾಲದ ಟೈರು ಕೊಂಡು, ಎಂಜಿನ್ ತಿರುಗಿಸುವ ಹಿಂದಿನ ಚಕ್ರಗಳಿಗೆ ಹಾಕುವವರುಂಟು. ಗಾಡಿ ಹೊರಡುವುದೇನೋ ಸರಿ. ತಿರುವಿನಲ್ಲಿ ಮುಂದಿನ ಚಕ್ರ ತಿರುಗಿದರೂ ಗಾಡಿ ನೇರ ಹೋಗುತ್ತದೆ. ಕೊಂಡರೆ ನಾಲ್ಕೂ ಕೊಳ್ಳಬೇಕು. ಹಳೆಯದು ಇದೆಯೆಂದರೆ ಅದರ ಗೀರಿನ ಆಳ ನೋಡಬೇಕು. ಜರ್ಮನಿಯ ಕಾನೂನಿಗೆ 1.6 ಮಿಲಿಮೀಟರು ಸಾಕು, ಹಿಮಕ್ಕೆ ಸಾಲದು. ನೆರೆಯ ಆಸ್ಟ್ರಿಯ 4 ಮಿಲಿಮೀಟರು ಕೇಳುತ್ತದೆ. ಆ ಲೆಕ್ಕವನ್ನೇ ಹಿಡಿಯುವುದು ಲೇಸು. ಚಳಿಗೆ ಟೈರಿನೊಳಗಿನ ಗಾಳಿಯೂ ಕುಗ್ಗುವುದರಿಂದ ಆಗಾಗ್ಗೆ ಒತ್ತಡ ನೋಡಿಸಬೇಕು.

ಇಷ್ಟನ್ನೂ ಫೋನಿನಲ್ಲಿ ಹೇಳಲಾಗದು. ಮೂರು ಪ್ರಶ್ನೆ ಕೇಳಿ, ಸಾಕು. ಅನುಮೋದನಾ ಪತ್ರದಲ್ಲಿರುವ ಅತಿ ಚಿಕ್ಕ ಚಕ್ರ, ಅತಿ ಕಿರಿದಾದ ಟೈರು ಯಾವುದು? ಅದನ್ನೇ ಏಕೆ ಕೊಳ್ಳಬಾರದು? ನಾಲ್ಕೂ ಕೊಳ್ಳುತ್ತೀಯಲ್ಲವೆ? ಗಾಡಿಯ ಅಂದ ಐದಾರು ತಿಂಗಳು ಸ್ವಲ್ಪ ಕಡಿಮೆಯಾಗುವುದು ನಿಜ. ಜರ್ಮನಿಯವರು ಈ ಟೈರನ್ನು ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ಇಡಬೇಕೆನ್ನುತ್ತಾರೆ. ಹಬ್ಬ ಕಳೆದು ಬಿಸಿಲು ಬಂದಾಗ ಅಗಲದ ಟೈರು ಮತ್ತೆ ಏರಲಿ, ಅಂದವೂ ಮರಳಲಿ. ಆ ದಿನ ಗಾಡಿಯೂ ಓಡಿಸುವವರೂ ಒಂದು ಗೀರಿಲ್ಲದೆ ಇರಬೇಕಾದುದು ಮುಖ್ಯ.