ಸಾಲದ ಜಮಖಾನೆ ಬೇರೆ, ಸಂಕಟದ ಜಮಖಾನೆ ಬೇರೆ

ಹೊರ್ತಿ, ಇಂಡಿ, ಸಿಂದಗಿ ಕಡೆಯ ತಾಂಡಾಗಳಿಂದಲೂ ಮುಸ್ಲಿಮರ ಓಣಿಗಳಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ನಮ್ಮ ಮಂದಿ ಇರೂದ ನಾಕ ಮನಿ. ಗುಂಪಿನ್ಯಾಗ ಕುಂತು ಮನಸಿನ ತ್ರಾಸ ಹೇಳಿಕೊಂಡ್ರ ನಾಳೆ ಮಗಳ ಲಗ್ನಕ್ಕ ಅಡ್ಡ ಬರೂದಿಲ್ಲೇನ್ರಿ?"

ಈ ಅಂಜಿಕೆ ಸುಳ್ಳಲ್ಲ. ಚಿಕ್ಕ ಸಮುದಾಯದಲ್ಲಿ ಹೆಸರು ಹೇಳದಿದ್ದರೂ ಯಾರ ಮಾತೆಂದು ಗೊತ್ತಾಗಿಬಿಡುತ್ತದೆ. ಹಾಗೆಂದು ಗುಂಪನ್ನೇ ಕೈಬಿಡಬೇಕಿಲ್ಲ, ಗುಂಪು ಕಟ್ಟುವ ರೀತಿ ಸರಿಯಿರಬೇಕು.

ಗುಂಪಿನಿಂದ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಉಗಾಂಡಾ ದೇಶದ ಹಳ್ಳಿಗಳ ಸಂಗತಿ ಹೇಳುತ್ತೇನೆ. 2002ರಲ್ಲಿ ಅಲ್ಲಿನ 30 ಹಳ್ಳಿಗಳನ್ನು ಆಯ್ದು, ಅರ್ಧದಷ್ಟು ಹಳ್ಳಿಗಳಲ್ಲಿ ಖಿನ್ನತೆಯಿದ್ದವರ ಗುಂಪು ಕಟ್ಟಿದರು. ಹೆಂಗಸರದು ಬೇರೆ, ಗಂಡಸರದು ಬೇರೆ. ವಾರಕ್ಕೊಮ್ಮೆ ಒಂದೂವರೆ ತಾಸಿನಂತೆ 16 ವಾರ. ನಡೆಸಿದವರು ಡಾಕ್ಟರರಲ್ಲ, ತರಬೇತಿ ಪಡೆದ ಆ ಕಡೆಯ ಜನರೇ. ಕೊನೆಗೆ ಗುಂಪಿನವರಲ್ಲಿ ನೂರಕ್ಕೆ ಆರೇಳು ಮಂದಿಯಲ್ಲಿ ಮಾತ್ರ ತೀವ್ರ ಖಿನ್ನತೆ ಉಳಿದಿತ್ತು. ಗುಂಪಿಲ್ಲದ ಹಳ್ಳಿಗಳ ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಹಾಗೇ ಉಳಿದಿತ್ತು.

ಕಾರಣ ಸರಳ. ಖಿನ್ನತೆ ಬಂದವರಿಗೆ "ಹಿಂಗ ನನಗಷ್ಟ ಆಗ್ಯದ" ಎನಿಸುತ್ತದೆ, ಆ ನಾಚಿಕೆಯಲ್ಲಿ ಮನೆ ಬಿಟ್ಟು ಹೊರಬರುವುದಿಲ್ಲ. ಹೊರಬರದಷ್ಟೂ ಖಿನ್ನತೆ ಹೆಚ್ಚುತ್ತದೆ. ಪಕ್ಕದಲ್ಲಿ ಕೂತವಳು "ನನಗೂ ನಿದ್ದಿ ಹತ್ತೂದಿಲ್ಲ" ಎಂದಾಗ ಈ ಸುತ್ತು ಮೊದಲ ಸಲ ತುಂಡಾಗುತ್ತದೆ. ಆ ಮಾತು ಮನೆಮಾತಿನಲ್ಲೇ ಬರಬೇಕು, ಲಂಬಾಣಿಯಾಗಲಿ, ಉರ್ದುವಾಗಲಿ.

ಈಗ ನನ್ನ ಮುಖ್ಯ ಎಚ್ಚರಿಕೆ. ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಅದೇ ಜಮಖಾನೆಯ ಮೇಲೆ "ಈಗ ಮನಸ್ಸಿನ ಮಾತಾಡೋಣ" ಎನ್ನಬೇಡಿ. ಹೇಗೂ ಎಲ್ಲರೂ ಸೇರಿದ್ದಾರಲ್ಲ ಎಂದು ಬಹಳ ಮಂದಿ ಹೀಗೇ ಮಾಡುತ್ತಾರೆ. ಕಂತು ಬಾಕಿ ಇರುವವಳು ಕಂತು ಕೇಳುವವಳ ಎದುರು ಬಾಯಿ ಬಿಡುವುದಿಲ್ಲ. ನಿದ್ದೆಯಿಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ ಎಂದರೆ, ಇವಳು ಸಾಲ ತೀರಿಸುತ್ತಾಳೋ ಇಲ್ಲವೋ ಎಂದು ಉಳಿದವರು ಲೆಕ್ಕ ಹಾಕುತ್ತಾರೆ. ನಾನು ಕಂಡ ಒಂದು ತಾಂಡಾದಲ್ಲಿ, ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿ ಬಂದ ಹೆಂಗಸರು ಮುಂಗಡದ ಸಾಲ ಹರಿಯದೆ ಕೊರಗುತ್ತಿದ್ದರು. ಸಂಘದ ಸಭೆಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಆರಾಮ ಅದೀವ್ರಿ." ದಿನ ಬದಲಿಸಿ, ಜಾಗ ಬದಲಿಸಿ, ಲೆಕ್ಕದ ಪುಸ್ತಕವಿಲ್ಲದೆ ಕೂತಾಗ ಮಾತು ಹೊರಬಂತು. ಇನ್ನೊಮ್ಮೆ ಹೇಳುತ್ತೇನೆ: ಸಾಲ ವಸೂಲಾಗುವ ಜಾಗದಲ್ಲಿ ಸಂಕಟ ಹೇಳಿಕೊಳ್ಳಲಾಗುವುದಿಲ್ಲ. ಅದರಂತೆಯೇ ಅತ್ತೆ-ಸೊಸೆ ಒಂದೇ ಗುಂಪಿನಲ್ಲಿ ಬೇಡ, ಬೀಗರಂತೂ ಬೇಡವೇ ಬೇಡ. ಮಗಳ ಲಗ್ನದ ಅಂಜಿಕೆಗೆ ಇದೇ ಮದ್ದು. ಒಂದೇ ತಾಂಡಾದಲ್ಲಿ ಇದು ಹೊಂದದಿದ್ದರೆ ಎರಡು ತಾಂಡಾದವರು ಕೂಡಿ ನಡುವಿನ ಊರಿನಲ್ಲಿ ಸೇರಲಿ.

ಖಿನ್ನತೆ ಬಂದವರಿಗೆ "ಮದುವೆ ಮಾಡಿದರೆ ಸರಿಹೋಗುತ್ತದೆ" ಎನ್ನುವವರ ಮಾತು ಕೇಳಿ ಕೇಳಿ ನನಗೆ ಬೇಸರವಾಗಿದೆ. ಮದುವೆ ಚಿಕಿತ್ಸೆಯಲ್ಲ, ಇನ್ನೊಂದು ಜೀವವನ್ನು ಸಂಕಟಕ್ಕೆ ಸಿಕ್ಕಿಸುವುದಷ್ಟೇ. ದರ್ಗಾಕ್ಕೋ ಸೇವಾಲಾಲರ ಗುಡಿಗೋ ಹೋಗುವವರು ಡಾಕ್ಟರರ ಬಳಿ ಹೋಗಬಾರದೆಂಬುದೂ ತಪ್ಪು. ಗುಜರಾತಿನ ಉನಾವಾ ಊರಿನ ಮೀರಾ ದಾತಾರ್ ದರ್ಗಾದಲ್ಲಿ ದುವಾ ಜೊತೆಗೆ ದವಾ, ಅಂದರೆ ಪ್ರಾರ್ಥನೆಯ ಜೊತೆಗೆ ಔಷಧ, ಕೊಡುವ ವ್ಯವಸ್ಥೆಯನ್ನೇ ಮಾಡಿದ್ದಾರೆ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಗುಂಪಿನಲ್ಲಿ ಎಂಟು-ಹತ್ತು ಜನ ಸಾಕು. ಕೇಳಿದ್ದನ್ನು ಗಂಡನಿಗೂ ಹೇಳುವುದಿಲ್ಲ ಎಂದು ಪ್ರತಿ ವಾರ ಎಲ್ಲರೂ ಒಪ್ಪಿಕೊಂಡೇ ಕೂಡಬೇಕು. ಉಪದೇಶ ಬೇಡ. ಯಾರೂ ಇಲ್ಲದಿದ್ದರೂ ದನಿ ಕೇಳಿಸುತ್ತದೆ ಎನ್ನುವವರು, ಊಟ ಬಿಟ್ಟವರು, ಸಾಯುವ ಮಾತಾಡುವವರು ಇದ್ದರೆ ಗುಂಪಿನ ದಿನಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈಗ ನಮ್ಮ ಜಿಲ್ಲೆಯಲ್ಲೂ ಇದೆ. ಅದಕ್ಕೆ ಮಾದರಿಯಾದದ್ದು 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಪ್ರಯೋಗ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಶಾ ಕಾರ್ಯಕರ್ತೆಯರಲ್ಲಿ, ತಾಂಡಾದ ನಾಯಕರಲ್ಲಿ, ಜಮಾತಿನ ಹಿರಿಯರಲ್ಲಿ ನನ್ನದೊಂದೇ ವಿನಂತಿ: ವಾರದಲ್ಲಿ ಒಂದು ದಿನ, ಲೆಕ್ಕದ ಪುಸ್ತಕ ಬಾರದ ಒಂದು ಕೋಣೆಯನ್ನು ಹೆಣ್ಣುಮಕ್ಕಳಿಗೆ ಬಿಟ್ಟುಕೊಡಿ.