ದೇವಣಿ ತಳಿಯ ಉಳಿವು: ಗೋಪಾಲಕರ ಸಂಘದ ಹೊಣೆ

ಹಿಂದಿನ ಹೈದರಾಬಾದ್ ಸಂಸ್ಥಾನದ ವಾಯವ್ಯ ಭಾಗವು ದೇವಣಿ ಗೋತಳಿಯ ತವರು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಈ ಪ್ರದೇಶವು ಅಂದಿನ ಮೈಸೂರು, ಮುಂಬಯಿ ಮತ್ತು ಆಂಧ್ರಪ್ರದೇಶ ರಾಜ್ಯಗಳಲ್ಲಿ ಹಂಚಿಹೋಯಿತು. ಲಾತೂರ್ ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ ಈ ತಳಿಯನ್ನು ಬೀದರಿನ ರೈತರೂ ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದಾರೆ. ಹಾಲಿಗೂ ಉಳುಮೆಗೂ ಒದಗುವ ಈ ದನಗಳಲ್ಲಿ ಮೈಬಣ್ಣಕ್ಕೆ ಅನುಗುಣವಾಗಿ ವಾನೇರಾ, ಬಾಲಂಕ್ಯಾ, ಶೇವೇರಾ ಎಂಬ ಮೂರು ಬಗೆಗಳಿವೆ.

ಟ್ರ್ಯಾಕ್ಟರಿನ ಬಳಕೆಯಿಂದ ಎತ್ತುಗಳ ಬೇಡಿಕೆ ಕುಗ್ಗಿತು. ಹೆಚ್ಚು ಹಾಲಿನ ಆಸೆಯಿಂದ ಮಿಶ್ರತಳಿಗಳು ಹರಡಿದವು. ಊರಿನಲ್ಲಿ ಶುದ್ಧ ತಳಿಯ ಹೋರಿ ಇಲ್ಲವಾದರೆ ಉತ್ತಮ ಹಸುವಿನ ಗುಣ ಅದರೊಂದಿಗೇ ಅಳಿಯುತ್ತದೆ. ಒಬ್ಬ ಸಣ್ಣ ರೈತನಿಗೆ ಹೋರಿಯನ್ನು ಸಾಕುವುದು ಹೊರೆ. ಸಂಘಕ್ಕೆ ಅದು ಸಾಧ್ಯ. ಪ್ರತಿ ಕರುವಿನ ತಂದೆತಾಯಿಗಳ ವಿವರ ಹಾಗೂ ಹಸುವಿನ ಹಾಲಿನ ಅಳತೆಯನ್ನು ಬರೆದಿಡುವುದು, ಹೋರಿಗಳನ್ನು ಊರಿಂದೂರಿಗೆ ಬದಲಾಯಿಸಿ ಹತ್ತಿರದ ರಕ್ತಸಂಬಂಧವನ್ನು ತಪ್ಪಿಸುವುದು ಸಂಘದ ಮೊದಲ ಕರ್ತವ್ಯ.

ಇಂತಹ ಶಿಸ್ತಿನ ಫಲಕ್ಕೆ ದೂರದ ನಿದರ್ಶನವೊಂದಿದೆ. ಆಂಧ್ರದ ಓಂಗೋಲ್ ತಳಿಯು ಬ್ರೆಜಿಲ್ ದೇಶವನ್ನು ಸೇರಿ, ‘ನೆಲೋರೆ’ ಎಂಬ ಹೆಸರಿನಿಂದ ಅಲ್ಲಿನ ಪ್ರಮುಖ ಮಾಂಸದ ತಳಿಯಾಗಿ ಬೆಳೆಯಿತು. ಉಬೆರಾಬಾ ನಗರದ ತಳಿಗಾರರ ಸಂಘವು ವಂಶಾವಳಿಯನ್ನು ದಾಖಲಿಸುವುದಲ್ಲದೆ, ಪ್ರತಿವರ್ಷ ಬೃಹತ್ ಪ್ರದರ್ಶನವನ್ನೂ ನಡೆಸುತ್ತದೆ.

ಪ್ರದರ್ಶನವೆಂದರೆ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಮಾತ್ರವಲ್ಲ. ತಳಿಯ ಲಕ್ಷಣ, ಕಾಲುಗಳ ದೃಢತೆ, ಕೆಚ್ಚಲಿನ ರಚನೆ, ತಾಯಿಯ ಹಾಲಿನ ದಾಖಲೆ ಇವೇ ಬಹುಮಾನಕ್ಕೆ ಆಧಾರವಾಗಬೇಕು. ಗೆದ್ದ ಹೋರಿಯ ಸಂತಾನ ಹತ್ತೂರಿನ ಕೊಟ್ಟಿಗೆಗಳನ್ನು ಸೇರಿದಾಗಲೇ ಆ ಬಹುಮಾನ ಸಾರ್ಥಕ.