ಇಂದಾಪುರದ ನೀರು, ಕಲ್ಲು, ಹಕ್ಕಿ

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಹಂಪೆ, ಬೇಲೂರು, ಜೋಗಗಳನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ಅದು ತಕ್ಕದ್ದೇ ಸರಿ. ಆದರೆ ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಬಂದು ಈ ನಾಡಿನ ಅನ್ನ ಉಣ್ಣುತ್ತಿರುವ ನಾವು, ನಮ್ಮ ಈಗಿನ ಮನೆಗೂ ಬಿಟ್ಟು ಬಂದ ಮನೆಗೂ ನಡುವೆ ಹಾಸಿರುವ ನೆಲವನ್ನು ಒಮ್ಮೆಯಾದರೂ ಕಣ್ತೆರೆದು ನೋಡಬೇಡವೇ? ಕಲಬುರ್ಗಿಗೋ ವಿಜಾಪುರಕ್ಕೋ ಹೊರಟ ನಮ್ಮವರು ರಾತ್ರಿಯ ಬಸ್ಸು ಹತ್ತುತ್ತಾರೆ. ಭಿಗವಣ ಬರುವ ಹೊತ್ತಿಗೆ ಹೊದಿಕೆ ಎಳೆದುಕೊಳ್ಳುತ್ತಾರೆ. ಕಣ್ಣು ಬಿಟ್ಟರೆ ಸೊಲ್ಲಾಪುರ. ಹೀಗೆ ನಾವು ನಿದ್ದೆಯಲ್ಲಿ ದಾಟಿಹೋಗುವ ನೆಲವೇ ಇಂದಾಪುರ ತಾಲೂಕು. ಈ ಹೊತ್ತು ಅದನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ಪುಣೆ ಜಿಲ್ಲೆಯ ಆಗ್ನೇಯದ ಕೊನೆಯ ತುಂಡು ಅದು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ನೀರಾ. ಎರಡು ಹೊಳೆಗಳೂ ಪೂರ್ವಕ್ಕೆ ಹರಿಯುತ್ತ ಹರಿಯುತ್ತ ಒಂದನ್ನೊಂದು ಸಮೀಪಿಸಿ, ತಾಲೂಕಿನ ತುದಿಯಲ್ಲಿ ನರಸಿಂಗಪುರದ ಬಳಿ ಕೂಡುತ್ತವೆ. ಎರಡು ಹೊಳೆಗಳ ನಡುವಿನ ಸೀಮೆ ಎಂದಮೇಲೆ ಮಲೆನಾಡಿನಂಥ ಹಸುರನ್ನು ನಿರೀಕ್ಷಿಸುವಿರೇನೋ! ಅದಿಲ್ಲ. ಪುಣೆಯಲ್ಲಿ ಕೊಡೆ ಮಡಿಸಲು ಬಿಡದಂತೆ ಮಳೆ ಸುರಿಯುವಾಗಲೂ ಇಂದಾಪುರದ ದಾರಿಯಲ್ಲಿ ಧೂಳೇಳುತ್ತಿರುವುದುಂಟು. ಸಹ್ಯಾದ್ರಿ ತಡೆದುಕೊಂಡು ಉಳಿಸಿದ ಮಳೆಯಷ್ಟೇ ಆ ಸೀಮೆಗೆ. ನಮ್ಮ ಇಂಡಿ, ಸಿಂದಗಿಗಳ ಕಡೆಯ ಬಯಲನ್ನು ಬಲ್ಲವರಿಗೆ ಅದರ ಮುಖಲಕ್ಷಣವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಅಲ್ಲಿ ನೋಡತಕ್ಕ ವಸ್ತುಗಳಲ್ಲಿ ಮುಖ್ಯವಾದವೆಲ್ಲ ನೀರಿನ ಏರಿಳಿತಕ್ಕೆ ಕಟ್ಟುಬಿದ್ದಿವೆ. ಯಾವಾಗ ಏನು ಕಾಣುತ್ತದೆಂಬುದನ್ನು ಪಂಚಾಂಗ ಹೇಳಲಾರದು. ಅಣೆಕಟ್ಟಿನ ಲೆಕ್ಕವೇ ಹೇಳಬೇಕು.

ಮೊದಲು ಊರಿನ ಮಾತು. ಪುಣೆಯಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು ೧೪೦ ಕಿ.ಮೀ. ಹೋದರೆ ಇಂದಾಪುರ ಪೇಟೆ. ತುಕಾರಾಮ ಮಹಾರಾಜರ ಪಾಲಕಿ ಆಷಾಢದ ವಾರಿಯಲ್ಲಿ ಇಲ್ಲಿ ಇಳಿದು, ಮುಂದೆ ಸರಾಟಿಯಲ್ಲಿ ಪಾದುಕೆಗಳಿಗೆ ನೀರೆಯ ಸ್ನಾನವಾದ ಮೇಲೆ ಹೊಳೆ ದಾಟುತ್ತದೆ. ಪೇಟೆಯಲ್ಲಿ ಮಾಲೋಜಿ ರಾಜೇ ಭೋಸಲೆಯವರ ಗಢಿ ಉಂಟು. ಮಾಲೋಜಿ ಎಂದರೆ ಶಿವಾಜಿ ಮಹಾರಾಜರ ಅಜ್ಜ, ಅಹಮದನಗರದ ನಿಜಾಮಶಾಹಿಯ ಸರದಾರ. ಇಂದಾಪುರದ ಕಾಳಗದಲ್ಲಿ ಅವರು ಬಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ಎದುರು ನಿಂತ ಸೈನ್ಯ ನಮ್ಮ ಬಿಜಾಪುರದ ಆದಿಲಶಾಹಿಯದು. ಮುಂದಿನ ತಲೆಮಾರಿಗೆ ಕಾಲ ಎಂಥ ತಿರುವು ಕೊಟ್ಟಿತು ನೋಡಿ. ಮಾಲೋಜಿಯ ಮಗ ಶಹಾಜಿ ಅದೇ ಬಿಜಾಪುರದ ದೊಡ್ಡ ಸರದಾರನಾಗಿ ಬೆಂಗಳೂರನ್ನು ಆಳಿ, ೧೬೬೪ರಲ್ಲಿ ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ. ತಂದೆಯ ಕೊನೆ ಇಂದಾಪುರದಲ್ಲಿ, ಮಗನ ಸಮಾಧಿ ಕನ್ನಡ ನಾಡಿನ ನಡುವೆ. ಗಡಿಯ ಮಾತು ಬಂದಾಗ ಕಾವೇರುವ ನಮ್ಮ ತರುಣರು ಈ ಒಂದು ಮನೆತನದ ದಾರಿಯನ್ನು ನಕಾಶೆಯ ಮೇಲೆ ಬೆರಳಿಟ್ಟು ನೋಡಿದರೆ ಒಳ್ಳೆಯದು.

ಇರಲಿ. ಈ ತಾಲೂಕಿನ ಇಂದಿನ ರೂಪಕ್ಕೆ ಕಾರಣವಾದುದು ಉಜನಿಯ ಅಣೆಕಟ್ಟು. ಕಟ್ಟೆ ಇರುವುದು ಸೊಲ್ಲಾಪುರ ಜಿಲ್ಲೆಯಲ್ಲಿ; ಕಟ್ಟಿ ಮುಗಿದದ್ದು ೧೯೮೦ರಲ್ಲಿ. ಆದರೆ ಅದರ ಹಿನ್ನೀರು ಇಂದಾಪುರದ ಉತ್ತರದ ಅಂಚನ್ನೆಲ್ಲ ತಬ್ಬಿಕೊಂಡು ಭಿಗವಣದ ಆಚೆಗೂ ಹಬ್ಬಿದೆ. ಯಶವಂತ ಸಾಗರವೆಂದು ಅದಕ್ಕೆ ಹೆಸರು. ಒಟ್ಟು ೧೧೭ ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅದರಲ್ಲಿ ಕಾಲುವೆಗೆ ಲೆಕ್ಕಕ್ಕೆ ಹಿಡಿಯುವ ನೀರು ಸುಮಾರು ೫೩ ಟಿ.ಎಂ.ಸಿ. ಮಾತ್ರ, ಉಳಿದ ೬೩ಕ್ಕೂ ಹೆಚ್ಚಿನದು ತಳದಲ್ಲಿ ನಿಲ್ಲತಕ್ಕ ಮೃತಸಂಚಯ. ಬಳಸುವುದಕ್ಕಿಂತ ಬಳಸಬಾರದ ನೀರೇ ಹೆಚ್ಚು! ಆದ್ದರಿಂದಲೇ ಸೊಲ್ಲಾಪುರದ ಪತ್ರಿಕೆಗಳು ಬೇಸಗೆಯಲ್ಲಿ ಉಜನಿಯ ಮಟ್ಟವನ್ನು ಸೊನ್ನೆಗಿಂತ ಕೆಳಗೆ, ಋಣದ ಲೆಕ್ಕದಲ್ಲಿ ಅಚ್ಚು ಹಾಕುತ್ತವೆ. ೨೦೨೪ರ ಬೇಸಗೆಯಲ್ಲಿ ಅದು ಋಣ ೬೦ ಪ್ರತಿಶತದ ಹತ್ತಿರಕ್ಕೆ ಇಳಿದಿತ್ತು.

ಆ ನೀರಿನ ಕೆಳಗೆ ಹಳ್ಳಿಗಳಿದ್ದವು. ಹೊಲ, ಬಾವಿ, ಚಾವಡಿ, ಗುಡಿ ಎಲ್ಲ ಇದ್ದವು. ೧೯೭೦ರ ದಶಕದ ಕೊನೆಯಲ್ಲಿ ನೀರು ಏರತೊಡಗಿದಾಗ ಜನ ಮೇಲಕ್ಕೆ ಬಂದು, ಊರಿನ ಹೆಸರನ್ನು ಮಾತ್ರ ಜೊತೆಗೆ ತಂದು, ಹೊಸ ಮನೆ ಕಟ್ಟಿಕೊಂಡರು. ಅಂಥ ಊರುಗಳಲ್ಲೊಂದು ಪಳಸದೇವ. ಹೆದ್ದಾರಿಯ ಮಗ್ಗುಲಲ್ಲಿ ಈಗಿರುವುದು ಹೊಸ ಪಳಸದೇವ, ಹಳೆಯದು ನೀರಿನಲ್ಲಿದೆ. ಅಲ್ಲಿನ ಪಳಸನಾಥನ ಗುಡಿಯನ್ನು ಒಡೆಯಲಿಲ್ಲ, ಕೀಳಲಿಲ್ಲ; ಇದ್ದ ಹಾಗೆಯೇ ಮುಳುಗಲು ಬಿಟ್ಟರು. ದೇವರಿಗೆ ಹೊಸ ಊರಿನಲ್ಲಿ ಬೇರೆ ಗುಡಿಯಾಯಿತು. ಜಲಾಶಯ ತುಂಬಿದಾಗ ಹಳೆಯ ಶಿಖರದ ತುದಿ ಕಂಡರೆ ಕಂಡಿತು, ಇಲ್ಲದಿದ್ದರೆ ಅದೂ ಇಲ್ಲ. ನೀರು ಬಹಳ ಇಳಿದ ವರ್ಷ, ಚೈತ್ರ ವೈಶಾಖಗಳಲ್ಲಿ, ಗುಡಿ ಕೆಸರಿನಿಂದ ಪೂರ್ತಿ ಎದ್ದು ನಿಲ್ಲುತ್ತದೆ.

ಎದ್ದು ನಿಂತಾಗ ಅದರ ಚೆಲುವನ್ನು ನೋಡಬೇಕು. ಕೆಳಗೆ ಕಲ್ಲಿನ ಗೋಡೆ, ಮೇಲೆ ಶಿಖರ. ಶಿಖರದ ಮೈಮೇಲೆ ಪುಟ್ಟ ಪುಟ್ಟ ಶಿಖರಗಳು ಸಾಲುಸಾಲಾಗಿ, ದಾರದಲ್ಲಿ ಪೋಣಿಸಿದ ಹಾಗೆ, ಒಂದರ ಮೇಲೊಂದು ಏರುತ್ತ ಹೋಗುತ್ತವೆ. ಶಿಲ್ಪಶಾಸ್ತ್ರದವರು ಇದನ್ನು ಭೂಮಿಜ ಎನ್ನುತ್ತಾರೆ. ಸುತ್ತಲ ಜನ ಕೇಳಿದರೆ ಹೇಮಾಡಪಂತಿ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮಹಾರಾಷ್ಟ್ರದಲ್ಲಿ ಹಳೆಯ ಕಲ್ಲುಗುಡಿ ಎಂದರೆ ಎಲ್ಲವೂ ಹೇಮಾಡಪಂತಿಯೇ, ನಮ್ಮಲ್ಲಿ ಹಳೆಯದೆಲ್ಲ ಜಕಣಾಚಾರಿಯದಾದ ಹಾಗೆ. ನಮ್ಮವರು ಅಲ್ಲಿ ತಪ್ಪದೆ ನೋಡಬೇಕಾದದ್ದು ಗುಡಿಯ ಸುತ್ತಣ ವೀರಗಲ್ಲುಗಳನ್ನು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರ ಕೈಹಿಡಿದು ಏರುವ ವೀರ, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ: ಈ ಓದನ್ನು ನಮ್ಮೂರ ಹನುಮಪ್ಪನ ಗುಡಿಯ ಹಿಂದೆ ನಿಂತ ಕಲ್ಲಿನಲ್ಲೇ ಕಲಿತವರು ನಾವು. ಭೀಮೆಯ ದಂಡೆಯ ಶಿಲ್ಪಿಗಳಿಗೆ ಗಡಿಗಳು ಗೊತ್ತಿರಲಿಲ್ಲ. ದೇವಗಿರಿಯ ಯಾದವರು ತಮ್ಮ ಶಾಸನಗಳನ್ನು ಕನ್ನಡದಲ್ಲೂ ಬರೆಸಿದವರೆಂಬುದು ನಿಮಗೆ ತಿಳಿದದ್ದೇ.

ಮುಳುಗಿ ಏಳುವ ಗುಡಿ ನಮಗೆ ಹೊಸದಲ್ಲ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಕೃಷ್ಣರಾಜ ಸಾಗರದಲ್ಲಿ ಹೀಗೆಯೇ ಮುಳುಗುತ್ತಿತ್ತು, ಬರಗಾಲದಲ್ಲಿ ಏಳುತ್ತಿತ್ತು. ಈಚೆಗೆ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ದಂಡೆಯ ಮೇಲೆ ಹೊಸ ಕನ್ನಂಬಾಡಿಯಲ್ಲಿ ಕೂಡಿಸಿ ಕಟ್ಟಿದರು. ದೂರದ ಪೋರ್ತುಗಲ್ ದೇಶದ ಉತ್ತರದ ಬೆಟ್ಟಸೀಮೆಯಲ್ಲಿ ವಿಲಾರಿನ್ಯು ದ ಫುರ್ನ ಎಂಬ ಹಳ್ಳಿಯೊಂದು ೧೯೭೦ರ ದಶಕದ ಮೊದಲಲ್ಲಿ ಅಣೆಕಟ್ಟಿನ ನೀರಿಗೆ ಹೋಯಿತು. ನೀರು ಇಳಿದಾಗ ಅಲ್ಲಿಯೂ ಮಾಡಿಲ್ಲದ ಕಲ್ಲುಮನೆಗಳು ಹೊರಬೀಳುತ್ತವೆ. ನೋಡಲು ಜನ ಬರುತ್ತಾರೆ, ಆ ಊರಲ್ಲಿ ಹುಟ್ಟಿದವರೂ ಬರುತ್ತಾರೆ. ಅವರಿಬ್ಬರು ನೋಡುವ ನೋಟ ಒಂದೇ ಆಗಿರಲಾರದು. ಪಳಸದೇವದಲ್ಲಿಯೂ ನಾವು ಇದನ್ನು ಮರೆಯಬಾರದು. ನಮಗೆ ಅದು ಚಿತ್ರ ತೆಗೆಯುವ ಜಾಗ; ಊರಿನ ಮುದುಕರಿಗೆ ಅದು ಮದುವೆಯಾದ ಅಂಗಳ.

ಇನ್ನು ಹಕ್ಕಿಗಳ ವಿಷಯ. ಭಿಗವಣದ ಹತ್ತಿರ ಕುಂಭಾರಗಾಂವದಲ್ಲಿ ಮೀನುಗಾರರ ದೋಣಿಗಳು ಸಿಗುತ್ತವೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಬೆಳಗಿನ ಜಾವ ಹೊರಟರೆ ನೀರಿನ ಅಂಚಿನಲ್ಲಿ ರಾಜಹಂಸಗಳ ಹಿಂಡು. ಮರಾಠಿಯಲ್ಲಿ ಇದಕ್ಕೆ ರೋಹಿತ ಎಂದೂ ಅಗ್ನಿಪಂಖ ಎಂದೂ ಹೆಸರು. ನಿಂತಾಗ ಬಿಳಿ, ಹಾರಿದಾಗ ರೆಕ್ಕೆಯ ಒಳಗಿನ ಕೆಂಪು ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಅಗ್ನಿಪಂಖವೆಂಬ ಹೆಸರು ಇಟ್ಟವರು ರಸಿಕರು. ಬಾಗಿದ ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರಿನಲ್ಲಿ ಅದ್ದಿ, ಜರಡಿ ಹಿಡಿದಂತೆ ನೀರನ್ನು ಸೋಸಿ, ಸೂಕ್ಷ್ಮ ಜೀವಿಗಳನ್ನು ತಿನ್ನುತ್ತವೆ. ಕಛ್ಛದ ರಣದಲ್ಲಿ ಮರಿ ಮಾಡುವ ಹಕ್ಕಿ ಇದು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಇಲ್ಲಿ ಇಳಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವವೂ ಇದೇ ಜಾತಿಯವು. ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ಮೀನು ಹಿಡಿಯುವ ಗಿಡುಗ, ಇನ್ನೂ ಎಷ್ಟೋ.

ಇಲ್ಲಿಯೂ ನೀರಿನ ಲೆಕ್ಕವೇ. ರಾಜಹಂಸಕ್ಕೆ ಆಳದ ನೀರು ಬೇಡ. ಮೊಣಕಾಲುದ್ದದ ಕೆಸರಂಚು ಬೇಕು. ಒಳ್ಳೆಯ ಮಳೆಯಾಗಿ ಸಾಗರ ಬಹುಕಾಲ ತುಂಬಿ ನಿಂತ ವರ್ಷ ಅವು ತಡವಾಗಿ ಬರುತ್ತವೆ, ಕಡಮೆ ಬರುತ್ತವೆ. ಹಾಗಾದರೆ ನೋಡುವವರ ಆಸೆ ಏನು? ನೀರು ಇಳಿಯಲಿ, ಹಕ್ಕಿ ಬರಲಿ, ಗುಡಿ ಏಳಲಿ ಎಂಬುದು ತಾನೇ?

ಕಳೆದ ಮಾಘದಲ್ಲಿ ನಮ್ಮ ಸಂಘದ ನಾಲ್ಕು ಮನೆಗಳವರು ದೋಣಿಯಲ್ಲಿ ಕುಳಿತಿದ್ದಾಗ, ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಅಫಜಲಪುರದ ಕಡೆಯ ತನ್ನ ಅಜ್ಜಿಯನ್ನು, “ಆಯಿ, ಈ ನೀರು ನಿಮ್ಮೂರಿಗೂ ಹೋಗ್ತದೇನು?” ಎಂದು ಕೇಳಿದಳು. “ಹೌದವ್ವಾ, ಅಕೀನೇ ಭೀಮವ್ವ. ಇಲ್ಲಿ ಸೊಕ್ಕಿ ಕುಂತಾಳ, ನಮ್ಮಲ್ಲಿ ಸೊರಗಿ ಹರೀತಾಳ” ಎಂದರು ಆ ತಾಯಿ. ದೋಣಿಯಲ್ಲಿದ್ದ ನಾವೆಲ್ಲ ನಕ್ಕೆವು. ಆದರೆ ಮಾತು ನಗುವಿನದಲ್ಲ. ಭೀಮಾಶಂಕರದಲ್ಲಿ ಹುಟ್ಟಿ ೮೬೧ ಕಿ.ಮೀ. ಹರಿದು ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡುವ ಈ ಹೊಳೆಯ ದಂಡೆಯಲ್ಲೇ ನಮ್ಮ ಗಾಣಗಾಪುರ, ನಮ್ಮ ಸನ್ನತಿ. ಸರಡಗಿಯ ಬಳಿ ಎತ್ತಿದ ಭೀಮೆಯ ನೀರನ್ನೇ ಕಲಬುರ್ಗಿ ನಗರ ಕುಡಿಯುತ್ತದೆ. ಪಳಸನಾಥ ಪೂರ್ತಿ ಮೈತೋರಿದ ವರ್ಷ ಎಂದರೆ ಕೆಳಗಿನ ನಮ್ಮ ಹೊಳೆಯಲ್ಲಿ ಮರಳು ಮಾತ್ರ ಉಳಿದ ವರ್ಷ. ೨೦೨೫ರ ಮಾರ್ಚಿ ಕೊನೆಯಲ್ಲಿ ಕರ್ನಾಟಕ ಸರಕಾರ ಉಜನಿಯಿಂದ ಭೀಮೆಗೆ ೧ ಟಿ.ಎಂ.ಸಿ. ನೀರು ಬಿಡಬೇಕೆಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾಯಿತು. ತುಂಬಿದರೂ ತೊಂದರೆಯೇ: ೨೦೨೦ರ ಅಕ್ಟೋಬರಿನ ನೆರೆಯಲ್ಲಿ ಅಫಜಲಪುರ, ಜೇವರ್ಗಿಗಳ ಹಳ್ಳಿಗಳು ನೀರು ಹೊಕ್ಕು ಮನೆ ಬಿಟ್ಟದ್ದನ್ನು ನಮ್ಮಲ್ಲಿ ಅನೇಕರು ದೂರವಾಣಿಯಲ್ಲಿ ಕೇಳಿ ರಾತ್ರಿ ನಿದ್ದೆಗೆಟ್ಟದ್ದುಂಟು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಪುಣೆಯ ಮುಳಾ ಮುಠಾ ದೌಂಡ ತಾಲೂಕಿನಲ್ಲಿ ಭೀಮೆಯನ್ನು ಸೇರಿ ಈ ಸಾಗರಕ್ಕೇ ಬರುತ್ತದೆ. ನಾವು ಇಲ್ಲಿ ಚೆಲ್ಲಿದ ಬಚ್ಚಲ ನೀರು, ಸಾಬೂನಿನ ನೊರೆ, ನಗರದ ಕೊಳೆ ಎಲ್ಲವೂ ಅಲ್ಲಿ ಹಸುರುಗಟ್ಟಿ ನಿಲ್ಲುತ್ತದೆ. ಊರಿಗೆ ತಿಂಗಳು ತಿಂಗಳು ಹಣ ಕಳಿಸುವ ನಾವು, ಹೊಳೆಯ ಕೈಯಲ್ಲಿ ಇದನ್ನೂ ಕಳಿಸುತ್ತಿದ್ದೇವೆ.

ದೋಣಿ ಹತ್ತುವವರಿಗೆ ಒಂದು ಎಚ್ಚರಿಕೆ. ಹಿನ್ನೀರು ಶಾಂತವಾಗಿ ಕಂಡರೂ ವೈಶಾಖದ ಸಂಜೆಗಳಲ್ಲಿ ಗಾಳಿ ಒಮ್ಮೆಲೇ ಎದ್ದುಬಿಡುತ್ತದೆ. ೨೦೨೪ರ ಮೇ ೨೧ರಂದು ಕರಮಾಳಾ ತಾಲೂಕಿನ ಕುಗಾಂವಕ್ಕೂ ಇಂದಾಪುರದ ಕಳಾಶಿಗೂ ನಡುವೆ ಪ್ರಯಾಣಿಕರ ದೋಣಿ ಮಗುಚಿ ಆರು ಮಂದಿ ಸತ್ತರು. ಅವರು ಹಕ್ಕಿ ನೋಡಲು ಹೊರಟವರಲ್ಲ. ಆಚೆ ದಂಡೆಗೆ ಹೋಗಲು ದಿನವೂ ದೋಣಿಯನ್ನೇ ನಂಬಿದ ಹಳ್ಳಿಗರು. ಆದ್ದರಿಂದ ಬೆಳಗಿನ ಹೊತ್ತೇ ಹೋಗಬೇಕು. ತೇಲುವ ಅಂಗಿ ಇಲ್ಲದ ದೋಣಿಯನ್ನು ಹತ್ತಕೂಡದು. ಮಕ್ಕಳಿಗಂತೂ ಅದಿಲ್ಲದೆ ಆಗದು.

ಹೊತ್ತಿದ್ದವರು ಕಡಬನವಾಡಿಯ ಹುಲ್ಲುಗಾವಲಿಗೂ ಹೋಗಿ ಬರಬಹುದು. ಚಿಂಕಾರ ಜಿಂಕೆ, ತೋಳ ಅಲ್ಲಿನ ವಿಶೇಷ. ತೋಳ ಕಾಣದೆ ಮರಳಿದವರೇ ಹೆಚ್ಚು.

ಕೊನೆಗೆ ನೀರಾ ನರಸಿಂಗಪುರ. ವಿಜಾಪುರ, ಬಾಗಲಕೋಟೆ, ಕಲಬುರ್ಗಿಗಳ ಎಷ್ಟೋ ಮನೆತನಗಳಿಗೆ ಈ ಲಕ್ಷ್ಮೀನರಸಿಂಹನೇ ಕುಲದೇವರು. ಈ ಸಭೆಯಲ್ಲಿಯೂ ಅಂಥವರಿದ್ದೀರಿ. ಪ್ರಹ್ಲಾದನೇ ಹೊಳೆಯ ಮರಳಿನಿಂದ ಮೂರ್ತಿಯನ್ನು ಮಾಡಿದನೆಂದು ಸ್ಥಳಪುರಾಣ. ಈಗಿನ ಭವ್ಯ ದೇವಾಲಯ ಪೇಶವೆಯರ ಕಾಲದ ಸರದಾರ ವಿಠ್ಠಲ ಶಿವದೇವ ವಿಂಚೂರಕರರ ಮನೆತನದ ಸೇವೆ. ಕೋಟೆಯಂಥ ಗೋಡೆ, ಕಪ್ಪುಕಲ್ಲಿನ ಕಟ್ಟಡ, ಹೊಳೆಗೆ ಇಳಿಯುವ ಮೆಟ್ಟಿಲು ಸಾಲು. ಆ ಮೆಟ್ಟಿಲ ಮೇಲೆ ನಿಂತರೆ ಎರಡು ಹೊಳೆ ಕೂಡುವುದು ಕಣ್ಣೆದುರಿಗೇ. ಉಜನಿಯ ಕಟ್ಟೆ ಈ ಸಂಗಮಕ್ಕಿಂತ ಮೇಲಿದೆ. ಅಲ್ಲಿ ಬಿಟ್ಟ ನೀರಿಗೆ ನೀರೆಯ ನೀರು ಬೆರೆಯುವುದು ಇಲ್ಲಿ. ಆದ್ದರಿಂದ ಮಳೆಗಾಲದಲ್ಲಿ ಪಂಢರಪುರದವರು ಮೊದಲು ಕೇಳುವುದು, ಸಂಗಮದಲ್ಲಿ ಎಷ್ಟು ಕ್ಯುಸೆಕ್ಸ್ ಎಂದು. ಇಲ್ಲಿಂದ ಮುಂದೆ ಹೊಳೆ ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಾಗುತ್ತದೆ, ಜ್ಞಾನೇಶ್ವರರು ಅಭಂಗದಲ್ಲಿ ಕರ್ನಾಟಕದವನೆಂದು ಕರೆದ ವಿಠ್ಠಲನ ಪಾದ ತೊಳೆದು ನಮ್ಮ ಸೀಮೆಗೆ ಇಳಿಯುತ್ತದೆ.

ನರಸಿಂಹ ಜಯಂತಿ ವೈಶಾಖ ಶುದ್ಧ ಚತುರ್ದಶಿಗೆ. ಆಗ ಜಾತ್ರೆಯ ಗದ್ದಲ, ಬಿಸಿಲೂ ವಿಪರೀತ. ಆದುದರಿಂದ ಬರುವ ಮಾಘದ ಒಂದು ಭಾನುವಾರ ನಸುಕಿನಲ್ಲೇ ಹೊರಟು, ಹಕ್ಕಿಗಳನ್ನು ನೋಡಿ, ಪಳಸದೇವದ ದಂಡೆಯಲ್ಲಿ ನಿಂತು, ಮಧ್ಯಾಹ್ನಕ್ಕೆ ನರಸಿಂಗಪುರ ಮುಟ್ಟುವುದೆಂದು ಯೋಚಿಸಿದ್ದೇವೆ. ಬಸ್ಸು ಒಂದೇ, ಹೆಸರು ಕೊಡುವವರು ಇಂದೇ ಕಾರ್ಯದರ್ಶಿಗಳಿಗೆ ಕೊಡಬೇಕು. ಬುತ್ತಿ ಅವರವರದು. ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು. ಮೊಸರು ಇಂದಾಪುರದಲ್ಲೇ ಕೊಳ್ಳೋಣ.